ಎಪ್ಪತ್ತು ದಾಟಿದವರ ಕುತ್ತಿಗೆ: ಶಸ್ತ್ರಚಿಕಿತ್ಸೆಯಿಂದ ಏನು ದಕ್ಕುತ್ತದೆ?

(ಬದಲಾಪುರದ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಹಿರಿಯರ ಆರೋಗ್ಯದ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಎಲ್ಲವನ್ನೂ ಬದಿಗಿಟ್ಟು ಕುತ್ತಿಗೆಯನ್ನು ಆರಿಸಿಕೊಂಡೆ. ಕಲ್ಯಾಣ, ಡೊಂಬಿವಲಿ, ಅಂಬರನಾಥ, ಬದಲಾಪುರದ ಮನೆಗಳಿಂದ ನನ್ನ ಬಳಿ ಬರುವ ವಯಸ್ಸಾದವರಲ್ಲಿ ತಡವಾಗಿ ಗುರುತಾಗುವ, ತಡವಾದಷ್ಟೂ ಕೈಮೀರುವ ಕಾಯಿಲೆಗಳಲ್ಲಿ ಕುತ್ತಿಗೆಯದ್ದೊಂದು ಮುಖ್ಯವಾದದ್ದು. ಕುತ್ತಿಗೆಯ ಮೂಳೆ ಮತ್ತು ಡಿಸ್ಕುಗಳು ಸವೆದು, ಒಳಗಿನ ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿ ಸೊರಗುವ ಕಾಯಿಲೆ. ವೈದ್ಯರು ಇದನ್ನು ಸರ್ವೈಕಲ್ ಮೈಲೋಪತಿ ಎನ್ನುತ್ತಾರೆ.

ರೋಗನಿರ್ಣಯ ತಿಳಿಸಿದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ. “ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ ಡಾಕ್ಟ್ರೇ? ಇರುವಷ್ಟು ದಿನ ಹೀಗೇ ಇದ್ದುಬಿಡಲಿ.” ಪ್ರೀತಿಯಿಂದ, ಭಯದಿಂದ ಬರುವ ಮಾತಿದು. ತಂದೆಗೆ ನೋವು ಕೊಡಬಾರದು, ತಾಯಿಯನ್ನು ಅಪಾಯಕ್ಕೆ ಒಡ್ಡಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ಶಸ್ತ್ರಚಿಕಿತ್ಸೆ ಬೇಡವೆಂದರೆ ಪರಿಸ್ಥಿತಿ ಇದ್ದಂತೆಯೇ ಇರುತ್ತದೆ ಎಂದು ಆ ಪ್ರಶ್ನೆ ನಂಬಿಕೊಂಡಿದೆ. ಅನೇಕರಲ್ಲಿ ಅದು ಹಾಗೆ ಇರುವುದಿಲ್ಲ. ಇಂಗ್ಲೆಂಡಿನ ಕ್ಲಾರ್ಕ್ ಮತ್ತು ರಾಬಿನ್ಸನ್ 1956ರಲ್ಲೇ ಇಂತಹ ರೋಗಿಗಳ ಕಾಯಿಲೆ ಸಾಗುವ ದಾರಿಯನ್ನು ಬರೆದಿಟ್ಟರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದು ಸಲ ಕುಸಿದು ಕೆಲವು ತಿಂಗಳು, ಕೆಲವೊಮ್ಮೆ ವರ್ಷಗಳ ಕಾಲ ನಿಂತಿರುತ್ತದೆ, ಮನೆಯವರು ಸಮಾಧಾನಪಡುತ್ತಾರೆ, ಆಮೇಲೆ ಇನ್ನೊಂದು ಕುಸಿತ. ಈ ನಡುವಿನ ನಿಲುಗಡೆಯೇ ನಮ್ಮನ್ನು ಮೋಸಗೊಳಿಸುವುದು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಕುತ್ತಿಗೆ ನೋವು ಇದ್ದವರೆಲ್ಲರಿಗೂ ಈ ಕಾಯಿಲೆ ಇಲ್ಲ. ಬಹುಪಾಲು ಕುತ್ತಿಗೆ ನೋವು ಸ್ನಾಯುಗಳದ್ದು, ಕೀಲುಗಳದ್ದು. ವ್ಯಾಯಾಮ ಮತ್ತು ಸಮಯದಿಂದಲೇ ಇಳಿಯುವಂಥದ್ದು, ಶಸ್ತ್ರಚಿಕಿತ್ಸೆಯ ಮಾತೇ ಅಲ್ಲಿ ಬೇಡ. ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿದ ಹಿರಿಯರಲ್ಲಿ ಎಷ್ಟೋ ಮಂದಿಗೆ ನೋವೇ ಇರುವುದಿಲ್ಲ. ಹಾಗಾಗಿಯೇ ಅವರು ಕುತ್ತಿಗೆಯ ಡಾಕ್ಟರ ಬಳಿ ಬರುವುದಿಲ್ಲ.

ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ಅವುಗಳೊಳಗೆ ಬೆನ್ನುಹುರಿ ಹಾದುಹೋಗುವ ಕಾಲುವೆಯ ಅಗಲ ಆರೋಗ್ಯವಂತರಲ್ಲಿ ಸುಮಾರು 17 ಮಿಲಿಮೀಟರ್. 13ಕ್ಕಿಂತ ಕಡಿಮೆ ಇದ್ದರೆ ಇಕ್ಕಟ್ಟು ಎನ್ನುತ್ತೇವೆ. ಹುಟ್ಟಿನಿಂದಲೇ ಇಕ್ಕಟ್ಟಾದ ಕಾಲುವೆ ಇರುವವರಿಗೆ ವಯಸ್ಸಿನ ಸವೆತ ಬೇಗ ತಟ್ಟುತ್ತದೆ. ಡಿಸ್ಕ್ ಒಣಗಿ ಹಿಂದಕ್ಕೆ ಉಬ್ಬುತ್ತದೆ, ಅಂಚಿನಲ್ಲಿ ಮೂಳೆಯ ಮುಳ್ಳು ಬೆಳೆಯುತ್ತದೆ, ಹಿಂಭಾಗದ ಹಳದಿ ಅಸ್ಥಿರಜ್ಜು ದಪ್ಪವಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಕೆಲವರಲ್ಲಿ ಬೆನ್ನುಹುರಿಯ ಮುಂಭಾಗದ ಅಸ್ಥಿರಜ್ಜುವೇ ಮೂಳೆಯಾಗಿಬಿಡುತ್ತದೆ. ಜಪಾನಿನಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಈ ಕಾಯಿಲೆಯ ಶಸ್ತ್ರಚಿಕಿತ್ಸೆಯ ಜ್ಞಾನದಲ್ಲಿ ದೊಡ್ಡ ಪಾಲು ಅಲ್ಲಿಂದ ಬಂದಿದೆ. ನಡುವಯಸ್ಸಿನಲ್ಲಿ ಐದು–ಆರನೆಯ ಮೂಳೆಗಳ ನಡುವೆ ತೊಂದರೆ ಹೆಚ್ಚು. ಇಳಿವಯಸ್ಸಿನಲ್ಲಿ ಆ ಕೆಳಗಿನ ಕೀಲುಗಳು ಸವೆದು ಬಿಗಿಯಾಗಿರುವುದರಿಂದ ಚಲನೆಯ ಹೊರೆಯೆಲ್ಲ ಮೇಲಿನ ಮೂರು–ನಾಲ್ಕು, ನಾಲ್ಕು–ಐದನೆಯ ಕೀಲುಗಳ ಮೇಲೆ ಬೀಳುತ್ತದೆ. ಎಪ್ಪತ್ತೈದರ ಅಜ್ಜನ ಬೆನ್ನುಹುರಿ ಹೆಚ್ಚಾಗಿ ಅಲ್ಲಿ ಹಿಚುಕಲ್ಪಡುತ್ತದೆ. ಅಷ್ಟು ಮೇಲೆ ಪೆಟ್ಟು ಬಿದ್ದಾಗ ಎರಡೂ ಕೈಗಳ ಚುರುಕು ಒಟ್ಟಿಗೇ ಹೋಗುತ್ತದೆ.

ತಲೆಯ ಮೇಲೆ ಹೊರೆ ಹೊತ್ತು ದುಡಿದವರ ಬಗ್ಗೆ ಇಲ್ಲಿ ಹೇಳಲೇಬೇಕು. ಮುಂಬಯಿಯ ಬಂದರು, ಮಾರುಕಟ್ಟೆಗಳ ಮಾಥಾಡಿ (ಹೊರೆ ಹೊರುವ) ಕಾರ್ಮಿಕರಿಗಾಗಿ ಮಹಾರಾಷ್ಟ್ರ 1969ರಲ್ಲಿ ಕಾಯಿದೆ ಮಾಡಿತು. ವಾಶಿಯ ಮಾರುಕಟ್ಟೆಯಲ್ಲಿ, ಈ ಭಾಗದ ಕಟ್ಟಡದ ಕೆಲಸದಲ್ಲಿ ನಮ್ಮ ಕಲಬುರಗಿ, ವಿಜಯಪುರ ಕಡೆಯವರೂ ಇದ್ದಾರೆ. ಘಾನಾದಲ್ಲಿ ತಲೆಹೊರೆ ಹೊರುವವರ ಕುತ್ತಿಗೆಯನ್ನು ಹೊರದವರ ಕುತ್ತಿಗೆಯೊಂದಿಗೆ ಹೋಲಿಸಿ 1994ರಲ್ಲಿ ಪ್ರಕಟವಾದ ಅಧ್ಯಯನ ಹೊರುವವರಲ್ಲಿ ಸವೆತ ಹೆಚ್ಚೆಂದು ತೋರಿಸಿತು. ಇಂದು ಅರವತ್ತೈದು ದಾಟಿ ಮನೆಯಲ್ಲಿ ಕುಳಿತಿರುವ ಆ ದುಡಿಮೆಗಾರರ ಕುತ್ತಿಗೆಯನ್ನು ನಾವು ಇನ್ನಷ್ಟು ಗಮನದಿಂದ ನೋಡಬೇಕು.

ಹಾಗಾದರೆ ಇದು ಮೊದಲು ಕಾಣಿಸುವುದು ಎಲ್ಲಿ? ಕೈಯಲ್ಲಿ. ಅಂಗಿಯ ಗುಂಡಿ ಹಾಕಲು ಹೊತ್ತಾಗುತ್ತದೆ. ಅನ್ನ ಕಲಸುವಾಗ ತುತ್ತು ಬೆರಳ ಸಂದಿಯಿಂದ ಉದುರುತ್ತದೆ. ಜೇಬಿನ ನಾಣ್ಯ ಎರಡು ರೂಪಾಯಿಯೋ ಐದೋ ಎಂದು ಮುಟ್ಟಿ ತಿಳಿಯುವುದಿಲ್ಲ. ರಂಗೋಲಿಯ ಎಳೆ ದಪ್ಪವಾಗುತ್ತದೆ. ಪಿಂಚಣಿ ತೆಗೆಯಲು ಹೋದಾಗ ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನವರು ವಾಪಸು ಕಳಿಸುತ್ತಾರೆ. ಆಮೇಲೆ ಕಾಲು. ಕಾಲು ಬಿಗಿ ಎನ್ನುತ್ತಾರೆ, ನೆಲ ಮೆತ್ತಗಿದೆ ಎನ್ನುತ್ತಾರೆ. ಕತ್ತಲಲ್ಲಿ ತಡವರಿಸುತ್ತಾರೆ. ರೈಲ್ವೆ ಮೇಲ್ಸೇತುವೆಯ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದಕ್ಕೆ ಹೆದರುತ್ತಾರೆ. ಕೊನೆಗೆ ಮೂತ್ರ ಬಂದರೆ ತಡೆಯಲಾಗದು ಎಂಬ, ಯಾರಿಗೂ ಹೇಳಲಾಗದ ಸಂಕಟ.

ಇದನ್ನೆಲ್ಲ ವಯಸ್ಸಾಯಿತು ಎಂಬ ಒಂದೇ ಲೆಕ್ಕಕ್ಕೆ ಬರೆದುಬಿಡುತ್ತೇವೆ. ವೈದ್ಯರೂ ಇದಕ್ಕೆ ಹೊರತಲ್ಲ. ಇಸ್ರೇಲಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಲಕ್ಷಣದಿಂದ ರೋಗ ಗುರುತಾಗುವವರೆಗೆ ಕಳೆದ ಸರಾಸರಿ ಕಾಲ 2.2 ವರ್ಷ. ಸುಮಾರು ನೂರಕ್ಕೆ 43 ಮಂದಿಗೆ ಮೊದಲು ಹೇಳಿದ್ದು ಮಣಿಕಟ್ಟಿನಲ್ಲಿ ನರ ಒತ್ತಿದೆ ಎಂದು. ನಮ್ಮಲ್ಲಿ ದಾರಿ ತಪ್ಪಿಸುವ ಕಾರಣಗಳು ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆ ಇದ್ದರೆ ಜೋಮೆಲ್ಲವೂ ಸಕ್ಕರೆಯದ್ದು ಎನಿಸುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದೂ ಬೆನ್ನುಹುರಿಯನ್ನೇ ಕೆಡಿಸಿ ಹೆಚ್ಚುಕಡಿಮೆ ಇದೇ ಲಕ್ಷಣಗಳನ್ನು ತರುತ್ತದೆ, ಎರಡೂ ಒಬ್ಬರಲ್ಲೇ ಇರಬಹುದು. ಮಂಡಿ ಸವೆದಿದ್ದರೆ ನಡಿಗೆಯ ತಪ್ಪೆಲ್ಲ ಮಂಡಿಯ ಮೇಲೆ. ಸೊಂಟದ ಎಂಆರ್‌ಐ ಮಾಡಿಸಿದರೆ ಅಲ್ಲೂ ಒಂದು ಇಕ್ಕಟ್ಟು ಸಿಗುತ್ತದೆ, ಕುತ್ತಿಗೆ ಯಾರ ನೆನಪಿಗೂ ಬರುವುದಿಲ್ಲ.

ಇನ್ನೊಂದು ಕಾರಣ ನಮ್ಮ ಕುಟುಂಬಗಳ ಸ್ವರೂಪದಲ್ಲೇ ಇದೆ. ತಾಯಿ ಮಳೆಗಾಲ ಕಳೆಯುವುದು ಊರಿನಲ್ಲಿ, ಉಳಿದ ತಿಂಗಳು ಇಲ್ಲಿ ಮಗನ ಮನೆಯಲ್ಲಿ, ನಡುವೆ ಕೆಲವು ದಿನ ಮಗಳ ಮನೆಯಲ್ಲಿ. ಕುಂದಾಪುರದ ಡಾಕ್ಟರು ಒಂದು ಮೆಟ್ಟಿಲು ಇಳಿದದ್ದನ್ನು ನೋಡುತ್ತಾರೆ, ಬದಲಾಪುರದ ಡಾಕ್ಟರು ಮುಂದಿನ ಮೆಟ್ಟಿಲನ್ನು. ಇಳಿಜಾರು ಇಬ್ಬರಿಗೂ ಕಾಣುವುದಿಲ್ಲ. ಅದನ್ನು ಕಂಡಿರುವುದು ಹೆಚ್ಚಾಗಿ ಸೊಸೆ: “ದೀಪಾವಳಿಯಲ್ಲಿ ಚಕ್ಕುಲಿ ಒತ್ತುತ್ತಿದ್ದರು, ಯುಗಾದಿಗೆ ಲೋಟ ಹಿಡಿಯಲೂ ಎರಡು ಕೈ ಬೇಕಾಯಿತು.” ಸ್ಕ್ಯಾನಿಗಿಂತ ಮೊದಲು ನನಗೆ ಬೇಕಾಗಿರುವುದು ಇಂಥ ಮಾತು. ದಯವಿಟ್ಟು ವೈದ್ಯರ ಕೋಣೆಗೆ ಸೊಸೆಯನ್ನೂ ಕರೆತನ್ನಿ, ಆಕೆಗೆ ಮಾತನಾಡಲು ಬಿಡಿ.

ಸ್ಕ್ಯಾನಿನ ಮಾತು ಬಂದದ್ದರಿಂದ ಅದರ ಮಿತಿಯನ್ನೂ ಹೇಳುತ್ತೇನೆ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಯ ಎಂಆರ್‌ಐ ತೆಗೆದು 2015ರಲ್ಲಿ ಪ್ರಕಟಿಸಿದರು. ಶೇಕಡಾ 87.6 ಜನರಲ್ಲಿ ಡಿಸ್ಕ್ ಉಬ್ಬಿತ್ತು. ಶೇಕಡಾ 5.3 ಜನರಲ್ಲಿ ಬೆನ್ನುಹುರಿಯೇ ಒತ್ತಲ್ಪಟ್ಟಿತ್ತು, ಆದರೂ ಅವರು ಆರಾಮವಾಗಿದ್ದರು. ಈ ಕಡೆ ಜನ ‘ಮಣಕಾದಲ್ಲಿ (ಬೆನ್ನೆಲುಬಿನ ಮಣಿಯಲ್ಲಿ) ಗ್ಯಾಪ್ ಬಂದಿದೆ’ ಎನ್ನುತ್ತಾ ರಿಪೋರ್ಟ್ ಹಿಡಿದು ಗಾಬರಿಯಾಗಿ ಬರುತ್ತಾರೆ. ರಿಪೋರ್ಟಿನಲ್ಲಿರುವ ಪದಗಳನ್ನು ಮಾತ್ರ ನೋಡಿ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಕೈ, ಕಾಲು, ನಡಿಗೆ, ಸುತ್ತಿಗೆಯಿಂದ ತಟ್ಟಿದಾಗ ಸಿಗುವ ಪ್ರತಿವರ್ತನೆ ಇವು ಸ್ಕ್ಯಾನಿನೊಂದಿಗೆ ಹೊಂದಿದಾಗ ಮಾತ್ರ ಅದಕ್ಕೆ ಅರ್ಥ. ಲಕ್ಷಣವಿಲ್ಲದ ಒತ್ತಡವಿದ್ದವರನ್ನು ಗಮನಿಸುತ್ತಿರಬೇಕು ಎಂಬುದೂ ಅಷ್ಟೇ ನಿಜ. ಚೆಕ್ ಗಣರಾಜ್ಯದ ಬ್ರನೋ ನಗರದ ವೈದ್ಯರು ಅಂಥ 199 ಜನರನ್ನು ವರ್ಷಗಳ ಕಾಲ ಹಿಂಬಾಲಿಸಿದಾಗ ಐದರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಯಲ್ಲಿ ಮುಂದೆ ಕಾಯಿಲೆ ಕಾಣಿಸಿಕೊಂಡಿತು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಶಸ್ತ್ರಚಿಕಿತ್ಸೆಯಿಂದ ಹಿರಿಯರಿಗೆ ಸಿಗುವುದೇನು?

ಇದನ್ನು ಅಳೆಯಲು ಜಪಾನಿನ ಮೂಳೆವೈದ್ಯರ ಸಂಘ 1975ರಲ್ಲಿ ಒಂದು ಅಂಕಪಟ್ಟಿ ಮಾಡಿತು. ಚಾಪ್‌ಸ್ಟಿಕ್ ಹಿಡಿಯಲಾಗುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿತ್ತು. ಬೇರೆ ದೇಶಗಳಿಗಾಗಿ ಅದನ್ನು ಬದಲಿಸಿ 18 ಅಂಕಗಳ ಪಟ್ಟಿ ರೂಪುಗೊಂಡಿತು. ಪೂರ್ತಿ ಆರೋಗ್ಯಕ್ಕೆ 18; 15ರಿಂದ 17 ಸೌಮ್ಯ, 12ರಿಂದ 14 ಮಧ್ಯಮ, ಅದಕ್ಕಿಂತ ಕೆಳಗೆ ತೀವ್ರ. ಉತ್ತರ ಅಮೆರಿಕದ 12 ಕೇಂದ್ರಗಳ 278 ರೋಗಿಗಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಸೌಮ್ಯ, ಮಧ್ಯಮ, ತೀವ್ರ ಮೂರೂ ಗುಂಪಿನವರು ಸುಧಾರಿಸಿದ್ದರು. ಅದುವರೆಗೆ ಹೆಚ್ಚಿನ ವೈದ್ಯರು ರೋಗಿಗಳಿಗೆ ಹೇಳುತ್ತಿದ್ದುದು, ಇನ್ನಷ್ಟು ಕೆಡದಂತೆ ತಡೆಯಬಹುದು ಎಂದಷ್ಟೇ. ಚೇತರಿಕೆಯೂ ಸಾಧ್ಯ ಎಂದು ಅಂಕಿಗಳು ತೋರಿಸಿದವು.

ಮುಂದೆ ಹಲವು ಖಂಡಗಳ 16 ಕೇಂದ್ರಗಳ 479 ರೋಗಿಗಳನ್ನು 65ರ ಗೆರೆ ಎಳೆದು ಎರಡು ಗುಂಪು ಮಾಡಿ ನೋಡಿದರು. ಹಿರಿಯರು ಶಸ್ತ್ರಚಿಕಿತ್ಸೆಗೆ ಬರುವಾಗಲೇ ಹೆಚ್ಚು ಕೆಟ್ಟ ಸ್ಥಿತಿಯಲ್ಲಿದ್ದರು, ಹೆಚ್ಚು ಕೀಲುಗಳಲ್ಲಿ ಸವೆತವಿತ್ತು. ಎರಡು ವರ್ಷಗಳ ನಂತರ ಅವರೂ ಗಣನೀಯವಾಗಿ ಸುಧಾರಿಸಿದ್ದರು, ಆದರೆ ಕಿರಿಯರು ಮುಟ್ಟಿದ ಅಂಕವನ್ನು ಮುಟ್ಟಲಿಲ್ಲ. ನಾನು ಈ ಫಲಿತಾಂಶವನ್ನು ಮನೆಯವರಿಗೆ ಎರಡೂ ಬದಿಯಿಂದ ಹೇಳುತ್ತೇನೆ. ವಯಸ್ಸೊಂದೇ ಬಾಗಿಲು ಮುಚ್ಚುವುದಿಲ್ಲ. ಹಾಗೆಯೇ ಐವತ್ತರ ಮನುಷ್ಯ ಮರಳಿ ಬರುವುದೂ ಇಲ್ಲ.

ಎರಡು, ಮೂರು ಅಂಕದ ಸುಧಾರಣೆ ಎಂದರೆ ಕೇಳಲು ಅಲ್ಪ ಎನಿಸಬಹುದು. ಆದರೆ ಆ ಪಟ್ಟಿಯಲ್ಲಿ ಒಂದೊಂದು ಅಂಕಕ್ಕೂ ಒಂದೊಂದು ದೊಡ್ಡ ಬದಲಾವಣೆ ಇದೆ. ಚಮಚ ಹಿಡಿದು ತಾನೇ ಉಣ್ಣುವುದಕ್ಕೂ ಇನ್ನೊಬ್ಬರು ಉಣಿಸುವುದಕ್ಕೂ ನಡುವಿನ ಅಂತರ ಒಂದು ಅಂಕ. ಕಂಬಿ ಹಿಡಿದು ಮೆಟ್ಟಿಲು ಹತ್ತುವುದಕ್ಕೂ ಸಮತಟ್ಟು ನೆಲದಲ್ಲಿ ಕೋಲೂರಿ ಮಾತ್ರ ನಡೆಯುವುದಕ್ಕೂ ನಡುವೆ ಒಂದು ಅಂಕ. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಇರುವ ಅಜ್ಜಿಗೆ ಆ ಒಂದು ಅಂಕವೆಂದರೆ ಮನೆಯಿಂದ ಹೊರಗಿನ ಇಡೀ ಲೋಕ. ಗುಡಿಗೆ ಹೋಗುವುದು, ತರಕಾರಿ ಆರಿಸುವುದು, ಓರಗೆಯವರೊಂದಿಗೆ ಹರಟುವುದು ಎಲ್ಲ ಆ ಅಂಕದೊಳಗೇ ಇದೆ.

ಎಲ್ಲವೂ ಒಂದೇ ವೇಗದಲ್ಲಿ ಮರಳುವುದಿಲ್ಲ. ಕೈಯ ಚುರುಕು ಒಂದಷ್ಟು ಬರುತ್ತದೆ. ಸ್ನಾಯು ಕರಗಿಹೋಗಿದ್ದರೆ ಪೂರ್ತಿ ಬರುವುದಿಲ್ಲ. ಜೋಮು ಹಟಮಾರಿ. ಚೇತರಿಕೆಯ ಬಹುಭಾಗ ಮೊದಲ ಆರು ತಿಂಗಳಲ್ಲಿ ಕಾಣುತ್ತದೆ, ಆಮೇಲೆ ನಿಧಾನ. ಫಲಿತಾಂಶವನ್ನು ಮೊದಲೇ ಊಹಿಸಲು ನೆರವಾಗುವ ಸಂಗತಿಗಳಲ್ಲಿ ಮುಖ್ಯವಾದವು ಶಸ್ತ್ರಚಿಕಿತ್ಸೆಗೆ ಮುಂಚಿನ ತೀವ್ರತೆ, ಲಕ್ಷಣ ಕಾಣಿಸಿ ಎಷ್ಟು ಕಾಲವಾಯಿತು ಎಂಬುದು, ನಡಿಗೆಯ ಸ್ಥಿತಿ, ಧೂಮಪಾನ, ವಯಸ್ಸು. ವಯಸ್ಸನ್ನು ನಾವು ಬದಲಿಸಲಾರೆವು. ಕಳೆದುಹೋಗುವ ಕಾಲವನ್ನು ಬದಲಿಸಬಹುದು. ಆಪರೇಷನ್ ಥಿಯೇಟರಿನ ಹೊರಗೆ, ಮನೆಯಲ್ಲಿ, ನೆರೆಯ ಡಾಕ್ಟರ ಕೋಣೆಯಲ್ಲಿ, ಒಂದು ವರ್ಷ ಮೊದಲು ಏನಾಯಿತು ಎಂಬುದೇ ಅರ್ಧ ಫಲಿತಾಂಶವನ್ನು ತೀರ್ಮಾನಿಸಿರುತ್ತದೆ ಎಂದು ನಾನು ನಂಬಿದ್ದೇನೆ.

2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮಧ್ಯಮ ಮತ್ತು ತೀವ್ರ ಹಂತದವರಿಗೆ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ಸೌಮ್ಯ ಹಂತದವರು ಶಸ್ತ್ರಚಿಕಿತ್ಸೆಯನ್ನಾಗಲಿ, ವೈದ್ಯರ ಕಣ್ಗಾವಲಿನಲ್ಲಿ ವ್ಯಾಯಾಮವನ್ನಾಗಲಿ ಆರಿಸಿಕೊಳ್ಳಬಹುದು. ಎರಡನೆಯದನ್ನು ಆರಿಸಿ ಕೆಟ್ಟರೆ ಶಸ್ತ್ರಚಿಕಿತ್ಸೆಗೆ ಬರಬೇಕು. ಸೌಮ್ಯ ಹಂತದ ಎಂಬತ್ತರ ಹಿರಿಯರನ್ನು ಆತುರಪಡಿಸುವವರ ಜೊತೆ ನಾನು ಇಲ್ಲ. ಆದರೆ ಕಣ್ಗಾವಲು ಎಂದರೆ ಆರು ತಿಂಗಳಿಗೊಮ್ಮೆ ಅದೇ ವೈದ್ಯರು, ಅದೇ ಪರೀಕ್ಷೆ ಮಾಡಿ ಬರೆದಿಡುವುದು. ಕೊರಳ ಪಟ್ಟಿ ಕೊಟ್ಟು ಕಳಿಸುವುದಲ್ಲ. ಪಟ್ಟಿಯನ್ನು ತಿಂಗಳುಗಟ್ಟಲೆ ಕಟ್ಟಿದರೆ ಕುತ್ತಿಗೆಯ ಸ್ನಾಯು ಸೋಲುತ್ತದೆ, ಒಳಗಿನ ಒತ್ತಡ ಹಾಗೇ ಇರುತ್ತದೆ. ಮತ್ತೆ, ಸಲೂನಿನಲ್ಲಿ ತಲೆಗೆ ಮಾಲೀಸು ಮಾಡಿ ಕೊನೆಗೆ ಕುತ್ತಿಗೆಯನ್ನು ಫಟಕ್ಕನೆ ತಿರುಗಿಸುವ ಪದ್ಧತಿ ಇದೆಯಲ್ಲ, ಅದನ್ನು ಹಿರಿಯರಿಗೆ ಮಾಡಿಸಲೇಬೇಡಿ. ಇಕ್ಕಟ್ಟಿನಲ್ಲಿರುವ ಬೆನ್ನುಹುರಿಗೆ ಪೆಟ್ಟಾಗಲು ಆ ಒಂದು ತಿರುವು ಸಾಕು. ಸ್ನಾನಗೃಹದಲ್ಲಿ ಜಾರಿ ಗದ್ದ ಬಡಿದು ಕುತ್ತಿಗೆ ಹಿಂದಕ್ಕೆ ಬಾಗಿದರೂ ಅದೇ ಅಪಾಯ: ಮೂಳೆ ಮುರಿಯದೆಯೇ ಎರಡೂ ಕೈ ಬಿದ್ದುಹೋಗಬಹುದು. ಅಮೆರಿಕದ ಷ್ನೈಡರ್ 1954ರಲ್ಲಿ ವಿವರಿಸಿದ ಈ ಪೆಟ್ಟನ್ನು ನಾವು ಇಂದಿಗೂ ಹಿರಿಯರಲ್ಲಿ ನೋಡುತ್ತೇವೆ.

ಶಸ್ತ್ರಚಿಕಿತ್ಸೆಯ ವಿಧಾನಗಳನ್ನು ಚುಟುಕಾಗಿ ಹೇಳುತ್ತೇನೆ. ಗಂಟಲ ಬದಿಯಿಂದ ಹೋಗಿ ಡಿಸ್ಕ್ ತೆಗೆದು ಮೂಳೆಗಳನ್ನು ಬೆಸೆಯುವ ಮುಂಭಾಗದ ವಿಧಾನವನ್ನು ಸ್ಮಿತ್ ಮತ್ತು ರಾಬಿನ್ಸನ್, ಅವರಿಂದ ಬೇರೆಯಾಗಿ ಕ್ಲೋವರ್ಡ್, 1958ರಲ್ಲಿ ಪ್ರಕಟಿಸಿದರು. ಹಿಂಭಾಗದಿಂದ ಮೂಳೆಯ ಕಮಾನನ್ನು ಒಂದು ಬದಿಯಲ್ಲಿ ಕೊರೆದು ಬಾಗಿಲಿನಂತೆ ತೆರೆದಿಡುವ ಲ್ಯಾಮಿನೋಪ್ಲಾಸ್ಟಿಯನ್ನು ಜಪಾನಿನ ಹಿರಾಬಯಾಶಿ 1977ರಲ್ಲಿ ಆರಂಭಿಸಿದರು. ಹಲವು ಕೀಲುಗಳ ತೊಂದರೆ ಇರುವ ಹಿರಿಯರಿಗೆ ಇದು ಬಹಳ ಉಪಯೋಗವಾಗಿದೆ. ಯಾವುದು ಮೇಲು? ಉತ್ತರ ಅಮೆರಿಕದಲ್ಲಿ 163 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಂದಿನಿಂದ ಮಾಡಿದರೂ ಹಿಂದಿನಿಂದ ಮಾಡಿದರೂ ಒಂದು ವರ್ಷದ ಕೊನೆಗೆ ದೈಹಿಕ ಚಟುವಟಿಕೆಯಲ್ಲಿ ವ್ಯತ್ಯಾಸವಿರಲಿಲ್ಲ. ಮುಂದಿನಿಂದ ಮಾಡಿದವರಲ್ಲಿ ತೊಡಕುಗಳು ಹೆಚ್ಚಿದ್ದವು, ಅದರಲ್ಲೂ ನುಂಗುವ ತೊಂದರೆ.

ನಮ್ಮ ಮುಂಬಯಿಯಲ್ಲೇ ಹುಟ್ಟಿದ ಒಂದು ವಿಚಾರಧಾರೆಯೂ ಇದೆ. ಪರೇಲಿನ ಕೆಇಎಂ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಅತುಲ್ ಗೋಯಲ್, ತಲೆಬುರುಡೆಯ ಬುಡದ ಮೊದಲೆರಡು ಮೂಳೆಗಳನ್ನು ಸ್ಕ್ರೂ, ಪ್ಲೇಟಿನಿಂದ ಕಟ್ಟುವ ವಿಧಾನವನ್ನು 1994ರಲ್ಲಿ ಪ್ರಕಟಿಸಿ ಜಗತ್ತಿನಲ್ಲಿ ಹೆಸರಾದವರು. ಸವೆತದ ಮೂಲ ಕೀಲುಗಳ ಅಸ್ಥಿರತೆ, ಅವನ್ನು ಬಿಗಿಗೊಳಿಸಿದರೆ ಸಾಕು, ಮೂಳೆ ಕತ್ತರಿಸಿ ಜಾಗ ಮಾಡಬೇಕಿಲ್ಲ ಎಂಬುದು ಅವರ ವಾದ. ಲೋಕದ ಬಹುತೇಕ ಶಸ್ತ್ರವೈದ್ಯರು ಒತ್ತಡ ತೆಗೆಯುವುದನ್ನೇ ಮುಖ್ಯವೆಂದು ಉಳಿಸಿಕೊಂಡಿದ್ದಾರೆ, ನಾನೂ ಆ ಪಕ್ಷದಲ್ಲೇ ಇದ್ದೇನೆ. ಆದರೂ ಸಾರ್ವಜನಿಕ ಆಸ್ಪತ್ರೆಯ ರೋಗಿಗಳನ್ನು ನೋಡುತ್ತಲೇ ರೂಢಿಯ ತಿಳಿವಳಿಕೆಯನ್ನು ಪ್ರಶ್ನಿಸಿದ ಆ ಧೈರ್ಯವನ್ನು ಗೌರವಿಸುತ್ತೇನೆ.

ಅಪಾಯಗಳನ್ನು ಮುಚ್ಚಿಟ್ಟರೆ ಈ ಉಪನ್ಯಾಸಕ್ಕೆ ಬೆಲೆಯಿಲ್ಲ. ನೂರರಲ್ಲಿ ಸುಮಾರು ಐವರಿಗೆ ಭುಜ ಎತ್ತುವ ಶಕ್ತಿ ತಾತ್ಕಾಲಿಕವಾಗಿ ಕುಂದಬಹುದು. ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಮರಳುತ್ತದೆ. ಹಿರಿಯರಲ್ಲಿ ನಾನು ಹೆಚ್ಚು ಹೆದರುವುದು ಕುತ್ತಿಗೆಯಿಂದ ದೂರದ ತೊಡಕುಗಳಿಗೆ: ನ್ಯುಮೋನಿಯಾ, ಮೂತ್ರದ ಸೋಂಕು, ರಾತ್ರಿ ಹೊತ್ತಿನ ಮತಿಭ್ರಮೆ. ಕನ್ನಡಕ, ಶ್ರವಣಯಂತ್ರ ತೆಗೆದಿಟ್ಟು, ಗೊತ್ತಿಲ್ಲದ ಭಾಷೆಯ ವಾರ್ಡಿನಲ್ಲಿ ಒಬ್ಬರನ್ನೇ ಮಲಗಿಸಿದರೆ ಆ ಗೊಂದಲ ಹೆಚ್ಚುತ್ತದೆ. ಬದುಕಿಡೀ ಕನ್ನಡ, ತುಳು ಮಾತ್ರ ಆಡಿದ ತಾಯಿಯ ಪಕ್ಕದಲ್ಲಿ ಮೊದಲ ರಾತ್ರಿಗಳಲ್ಲಿ ಆ ಮಾತಾಡುವವರು ಒಬ್ಬರಿರಬೇಕು. ಇದನ್ನು ಔಷಧಿಯಷ್ಟೇ ಗಂಭೀರವಾಗಿ ಹೇಳುತ್ತಿದ್ದೇನೆ.

ಹಾಗಾಗಿ ಹುಟ್ಟಿದ ವರ್ಷಕ್ಕಿಂತ ದೇಹದ ಕಸುವನ್ನು ನೋಡಬೇಕು. ಎಂಬತ್ತೆರಡರಲ್ಲಿ ಗಟ್ಟಿಯಾಗಿರುವವರಿದ್ದಾರೆ, ಅರವತ್ತೆಂಟರಲ್ಲಿ ಸೊರಗಿದವರಿದ್ದಾರೆ. ಕಳೆದ ವರ್ಷ ತೂಕ ಇಳಿದಿದೆಯೇ, ಕುರ್ಚಿಯಿಂದ ಕೈ ಊರದೆ ಏಳುತ್ತಾರೆಯೇ, ಹಿಮೋಗ್ಲೋಬಿನ್ ಎಷ್ಟು, ಮೂಳೆ ಎಷ್ಟು ಟೊಳ್ಳು, ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ ಎಂದು ನೋಡಿ, ಸಾಧ್ಯವಿದ್ದರೆ ಕೆಲವು ವಾರ ಪ್ರೋಟೀನ್, ಉಸಿರಾಟದ ವ್ಯಾಯಾಮ, ಸಕ್ಕರೆಯ ಹತೋಟಿಯಿಂದ ತಯಾರು ಮಾಡಬೇಕು. ಕೆಲವರಿಗೆ ಬೇಡ ಎಂದು ನಾವೇ ಹೇಳುತ್ತೇವೆ. ಮುಂದುವರಿದ ಮರೆವಿನ ಕಾಯಿಲೆ ಇರುವವರಿಗೆ, ವರ್ಷಗಳಿಂದ ಹಾಸಿಗೆ ಹಿಡಿದವರಿಗೆ ಶಸ್ತ್ರಚಿಕಿತ್ಸೆಯಿಂದ ಸಿಗುವುದು ಕಡಿಮೆ, ಕಳೆದುಕೊಳ್ಳುವುದು ಹೆಚ್ಚು.

ಹಣದ ಬಗ್ಗೆ ಒಂದು ಮಾತು. 2024ರ ಅಕ್ಟೋಬರ್ 29ರಿಂದ 70 ತುಂಬಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ಆಯುಷ್ಮಾನ್ ಭಾರತ್ ಅಡಿಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆ ಇದೆ. ಅದಕ್ಕೆ ವಯ ವಂದನಾ ಕಾರ್ಡ್ ಬೇಕು. ಕಾಯಿಲೆ ಬರುವ ಮುನ್ನವೇ ಆಧಾರ್ ಕೊಟ್ಟು ಮಾಡಿಸಿಡಿ. ಯಾವ ಆಸ್ಪತ್ರೆ ಯೋಜನೆಯಲ್ಲಿದೆ, ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಅಲ್ಲಿ ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಮುಂಬಯಿಯ ಆಸ್ಪತ್ರೆಗೆ ಹೋಗುವುದಾದರೆ ಇಲ್ಲಿಂದ ಸಿಎಸ್‌ಎಂಟಿ ನಿಲ್ದಾಣ 68 ಕಿಲೋಮೀಟರ್. ನಡೆಯಲು ತಡವರಿಸುವವರನ್ನು ಲೋಕಲ್ ರೈಲಿನಲ್ಲಿ ಮತ್ತೆ ಮತ್ತೆ ಕರೆದೊಯ್ಯುವುದು ಅವರಿಗೆ ಶಿಕ್ಷೆಯೇ ಸರಿ. ಶಸ್ತ್ರಚಿಕಿತ್ಸೆ ದೂರದಲ್ಲಾದರೂ ನಂತರದ ಫಿಸಿಯೋಥೆರಪಿ ಮನೆಯ ಹತ್ತಿರ ಆಗುವಂತೆ ಏರ್ಪಾಡು ಮಾಡಿಕೊಳ್ಳಿ. ಆಸ್ಪತ್ರೆಯಿಂದ ಬರುವ ಮುಂಚೆ ಸ್ನಾನಗೃಹಕ್ಕೆ ಹಿಡಿಕಂಬಿ ಹಾಕಿಸಿ, ರಾತ್ರಿ ದೀಪ ಇಡಿ, ನೆಲದ ಹಾಸಿಗೆಯ ಬದಲು ಮಂಚ ಕೊಡಿ.

ಕೊನೆಯದಾಗಿ ಈ ಸಭೆಗೆ, ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳಿಗೆ ಒಂದು ಕೋರಿಕೆ. ನೀವು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ಬಿಪಿ ನೋಡುವ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಇಡಿ. ಅರವತ್ತು ದಾಟಿದವರು ಮುಷ್ಟಿಯನ್ನು ಪೂರ್ತಿ ಮುಚ್ಚಿ ಪೂರ್ತಿ ತೆರೆಯಲಿ. ಹತ್ತು ಸೆಕೆಂಡಿನಲ್ಲಿ 20 ಸಲ ಆಗಬೇಕು. ಜಪಾನಿನ ಓನೊ ಮತ್ತು ಅವರ ಸಂಗಡಿಗರು 1987ರಲ್ಲಿ ವಿವರಿಸಿದ ಪರೀಕ್ಷೆ ಇದು, ಗಡಿಯಾರ ಬಿಟ್ಟರೆ ಯಾವ ಉಪಕರಣವೂ ಬೇಡ. ಆಮೇಲೆ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲಿ, ಪಕ್ಕದಲ್ಲಿ ಒಬ್ಬರು ಹಿಡಿಯಲು ನಿಂತಿರಲಿ. ಮಂಡಿನೋವು, ಸಂಧಿವಾತದಿಂದಲೂ ಇವು ತಪ್ಪಬಹುದು, ಆದ್ದರಿಂದ ಯಾರಿಗೂ ರೋಗದ ಹೆಸರು ಹೇಳಬೇಡಿ. ಸಾಧ್ಯವಾಗದವರ ಹೆಸರು ಬರೆದು ನರರೋಗ ಅಥವಾ ಬೆನ್ನುಮೂಳೆಯ ವೈದ್ಯರ ಬಳಿ ಕಳಿಸಿ. ಶಿಬಿರಕ್ಕೆ ಬರಲು ನಾನು ಸಿದ್ಧನಿದ್ದೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ. ಹಿರಿಯರು ಮೊದಲು ಕೇಳಲಿ, ಮಕ್ಕಳು ಆಮೇಲೆ.